‘ನೋಡೋಣು’ ಅಂದ್ರೆ ಹೌದೋ, ಇಲ್ಲೋ?

1/9

ಹೊಸದಾಗಿ ಫಾಲೋ ಮಾಡಿದವರಿಗೆ: ಹಾನಗಲ್ಲಿನ ಹುಡುಗಿ, ಬಿಕಾಂ, ವಯಸ್ಸು ಇಪ್ಪತ್ತು. ಇಷ್ಟು ಪರಿಚಯ ಸಾಕು. ಹಳಬರಿಗೆ ಗೊತ್ತೇ ಇದೆ, ನಾನು ಒಂದು ಫೋಟೋ ಹಾಕಿ ಕೆಳಗೆ ಮಾರುದ್ದ ಬರೆಯೋಳು. ಈ ಸಲ ಒಂಬತ್ತು ಪೋಸ್ಟ್, ವಿಷಯ ಒಂದೇ. ಪೂರ್ತಿ ಓದ್ರಿ, ಆಮೇಲೆ ಬೈರಿ.

ಫೋಟೋದಲ್ಲಿರೋದು ನಮ್ಮೂರ ತಾರಕೇಶ್ವರ ಗುಡಿ. ಸಂಜೆ ಇಲ್ಲಿ ಕೂತಾಗಲೇ ಇದನ್ನ ಬರೀಬೇಕು ಅನ್ನಿಸಿದ್ದು. ಪಕ್ಕದಲ್ಲಿ ಇಬ್ಬರು ಮಾತಾಡ್ತಿದ್ದರು. ಹುಡುಗಿ ಕೇಳಿದಳು, “ಮತ್ತ ನಮ್ಮದು ಏನು?” ಹುಡುಗ ಕಲ್ಲಿನ ಕಂಬ ನೋಡ್ತಾ ಅಂದ, “ನೋಡೋಣು.” ಅವಳು ಸುಮ್ಮನಾದಳು. ನಾನು ಎದ್ದು ಬಂದೆ, ಬೇರೆಯವರ ಮಾತು ಕೇಳಬಾರದು ಅಂತ. ಆದರೆ ಆ ಪದ ನನ್ನ ಜೊತೆ ಮನೆವರೆಗೂ ಬಂತು.

ನಮ್ಮ ಹಾವೇರಿ ಜಿಲ್ಲೆಯ ಮಂದಿಗೆ ‘ನೋಡೋಣು’ ಅಂದ್ರೇನು ಅಂತ ಬಿಡಿಸಿ ಹೇಳಬೇಕಿಲ್ಲ. ಕೈಗಡ ಕೇಳಿದವನಿಗೆ ‘ನೋಡೋಣು’. ಮದುವೆಗೆ ಬಾ ಅಂದವರಿಗೆ ‘ನೋಡೋಣು ತಗೊ’. ಅದರಲ್ಲಿ ಹೌದೂ ಇದೆ, ಇಲ್ಲವೂ ಇದೆ, ಎದುರಿನವರ ಮನಸ್ಸು ಕೆಡದ ಹಾಗೆ ಜಾಗ ಖಾಲಿ ಮಾಡೋ ದಾರಿಯೂ ಇದೆ. ಕೈಗಡದ ವಿಷಯಕ್ಕೆ ಅದು ಒಳ್ಳೆ ಪದಾನೇ.

ಆದರೆ ಅದೇ ಪದ ಈಗ ನಮ್ಮ ವಯಸ್ಸಿನವರ ಚಾಟ್ ಒಳಗೆ ಬಂದು ಕೂತುಬಿಟ್ಟಿದೆ. ಬೆಳಗ್ಗೆ ಎದ್ದ ಕೂಡಲೇ ಮೆಸೇಜು, ರಾತ್ರಿ ಮಲಗೋವರೆಗೂ ಕಾಲು, ಹುಟ್ಟಿದಹಬ್ಬಕ್ಕೆ ಗಿಫ್ಟು. ‘ನಾವು ಯಾರು’ ಅಂತ ಕೇಳಿದರೆ ಮಾತ್ರ ‘ನೋಡೋಣು’. ಇದಕ್ಕೆ ಸಿಚುಯೇಶನ್‌ಶಿಪ್ ಅಂತ ಹೆಸರಿಟ್ಟು ರೀಲ್ಸ್ ಮಾಡ್ತಾರೆ, ನಾವು ನಕ್ಕು ಶೇರ್ ಮಾಡ್ತೀವಿ.

ನಾನು ಹೇಳೋದು ಇಷ್ಟೇ. ಊರಿಗೆ ಹೇಳೋದು ಬಿಡೋದು ನಿಮ್ಮಿಷ್ಟ. ಎದುರಿಗೆ ಇರೋ ಆ ಒಬ್ಬರಿಗೆ ಹೇಳದೇ ಇರೋದು ನಿಮ್ಮಿಷ್ಟ ಅಲ್ಲ. ಅವರ ದಿನಗಳು ಖರ್ಚಾಗ್ತಿರ್ತಾವೆ.

2/9

ಈ ಫೋಟೋ ನನ್ನ ಮೊಬೈಲ್ ಸ್ಕ್ರೀನು. ಹಾಸ್ಟೆಲ್‌ನಲ್ಲಿ ಲೈಟ್ ಆರಿದ ಮೇಲೆ ನಾನು ಕತೆ ಆಡ್ತೀನಿ. ಹೌದು, ಓದೋದಲ್ಲ, ಆಡೋದು. ಎಪಿಸೋಡ್, ಚಾಯ್ಸಸ್ ಅಂತ ಆ್ಯಪ್‌ಗಳಿದ್ದಾವಲ್ಲ, ಅವು. ಚಾಯ್ಸಸ್ ಬಂದಿದ್ದು 2016ರಲ್ಲಿ, ನಾನು ಹಿಡಿದಿದ್ದು ಪಿಯುಸಿ ರಜೆಯಲ್ಲಿ. ನಗಬೇಡ್ರಿ, ನಿಮ್ಮಲ್ಲೂ ಭಾಳ ಮಂದಿ ಆಡ್ತೀರಿ, ನನಗೆ ಗೊತ್ತು.

ಗೊತ್ತಿಲ್ಲದವರಿಗೆ ಹೇಳ್ತೀನಿ. ಕತೆಯಲ್ಲಿ ನಾಯಕಿ ನೀವೇ. ಹೆಸರು, ಕೂದಲು, ಬಟ್ಟೆ ಎಲ್ಲ ನಿಮ್ಮ ಆಯ್ಕೆ. ಇಬ್ಬರೋ ಮೂವರೋ ನಿಮ್ಮನ್ನ ಇಷ್ಟಪಡೋರು ಇರ್ತಾರೆ. ಒಬ್ಬ ಹತ್ತಿರ ಬಂದು ನಿಲ್ತಾನೆ, ಕತೆ ನಿಲ್ಲುತ್ತೆ, ಕೆಳಗೆ ಮೂರು ಬಟನ್: ಮನಸ್ಸಿನ ಮಾತು ಹೇಳು, ತಮಾಷೆ ಮಾಡು, ಮಾತು ಬದಲಿಸು. ಒಂದನ್ನ ಒತ್ತಬೇಕು. ಕೆಲವು ಬಟನ್‌ಗೆ ಡೈಮಂಡ್ ಬೇಕು. ಡೈಮಂಡ್ ಖಾಲಿ ಆದರೆ ಮತ್ತೆ ಕೂಡಿಸೋವರೆಗೆ ಕಾಯಬೇಕು, ಇಲ್ಲಾ ದುಡ್ಡು ಕೊಡಬೇಕು.

ಎರಡು ವರ್ಷ ಆಡಿದ ಮೇಲೆ ನನಗೆ ಅರ್ಥ ಆಗಿದ್ದು ಇದು. ಆ ಹುಡುಗ ಮೂರನೇ ಅಧ್ಯಾಯದಲ್ಲೇ ‘ನನಗೆ ನೀನು ಬೇಕು’ ಅಥವಾ ‘ಬೇಡ’ ಅಂದುಬಿಟ್ಟರೆ ಹದಿನೈದನೇ ಅಧ್ಯಾಯ ಮಾರೋದು ಹೇಗೆ? ಅದಕ್ಕೇ ಅವನು ಹತ್ತಿರ ಬರ್ತಾನೆ, ಫೋನ್ ರಿಂಗಾಗುತ್ತೆ, ಹೋಗ್ತಾನೆ. ಮುಂದಿನ ಅಧ್ಯಾಯದಲ್ಲಿ ಮತ್ತೆ ಬರ್ತಾನೆ. ಆ ಗೊಂದಲ ಪ್ರೀತಿಯಿಂದ ಹುಟ್ಟಿದ್ದಲ್ಲ. ಅದನ್ನ ಬರೆದವರು ಲೆಕ್ಕ ಹಾಕಿ ಇಟ್ಟಿದ್ದು.

ಇನ್ನೊಂದು. ಮೂವರನ್ನೂ ಕೊನೆವರೆಗೆ ‘ನೋಡೋಣು’ ಅಂತ ಇಟ್ಟುಕೊಂಡರೂ ಅಲ್ಲಿ ಯಾರಿಗೂ ನೋವಿಲ್ಲ. ಯಾಕಂದ್ರೆ ನೀವು ಆ್ಯಪ್ ಮುಚ್ಚಿದಾಗ ಅವರಿಗೆ ರಾತ್ರಿ ಅನ್ನೋದೇ ಇಲ್ಲ. ಅವರು ನಿದ್ದೆಗೆಟ್ಟು ಕಾಯಲ್ಲ. ಅವರ ಮನೆಯಲ್ಲಿ ಯಾರೂ ಸಂಬಂಧ ನೋಡ್ತಿಲ್ಲ. ತಪ್ಪಾದರೆ ಕತೆ ಮೊದಲಿಂದ ಶುರು ಮಾಡಬಹುದು.

ಆಟ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಒಂದು ಒಳ್ಳೇದನ್ನೂ ಅದು ಕಲಿಸಿದೆ, ಒಂಬತ್ತನೇ ಪೋಸ್ಟ್‌ನಲ್ಲಿ ಹೇಳ್ತೀನಿ. ಆದರೆ ಅಲ್ಲಿಯ ಅಭ್ಯಾಸವನ್ನ ನಾವು ಜೀವ ಇರೋ ಮನುಷ್ಯರ ಮೇಲೆ ಹಾಕ್ತಿದ್ದೀವಿ. ಅದು ನನ್ನ ತಕರಾರು.

3/9

ಈಗ ನನ್ನ ಗೆಳತಿಯ ವಿಷಯ. ಹಿರೇಕೆರೂರು ತಾಲೂಕಿನವಳು. ಹೆಸರು ಹೇಳಲ್ಲ. ಇದನ್ನ ಮೊದಲು ಅವಳಿಗೇ ಓದಿಸಿದೆ, “ಹಾಕು” ಅಂದಳು, ಅದಕ್ಕೇ ಹಾಕ್ತಿದ್ದೀನಿ.

ಎರಡು ವರ್ಷ ಒಬ್ಬ ಹುಡುಗನ ಜೊತೆ ಮಾತು. ಬೆಳಗ್ಗೆ ‘ಎದ್ಯಾ?’, ಮಧ್ಯಾಹ್ನ ‘ಉಂಡ್ಯಾ?’, ರಾತ್ರಿ ಚಾರ್ಜ್ ಮುಗಿಯೋವರೆಗೂ ಕಾಲು. ಅವಳ ಬಸ್ ತಡ ಆದರೆ ಇವನು ಸ್ಟ್ಯಾಂಡ್‌ನಲ್ಲಿ ಕಾಯೋನು. ಇವನಿಗೆ ಜ್ವರ ಬಂದರೆ ಅವಳು ಕ್ಲಾಸ್‌ನಲ್ಲಿ ಕೂತೂ ಇರ್ತಿರಲಿಲ್ಲ. ನಾವೆಲ್ಲ ಅವರಿಬ್ಬರನ್ನ ಒಂದೇ ಅಂತ ಲೆಕ್ಕ ಹಾಕಿದ್ವಿ.

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಮನೆಗೆ ಒಂದು ಸಂಬಂಧ ಬಂದಿತ್ತು. ಹುಡುಗ ಒಳ್ಳೆಯವನು, ಮುಂದೆ ಓದಿಸ್ತೀವಿ ಅಂತ ಮನೆಯವರು ಹೇಳಿದ್ದರು. ಅವಳ ಅಪ್ಪ ಏನು ಮಾಡಿದರು ಗೊತ್ತೇನು? ಹೊಲದಿಂದ ಬಂದು ಕೈಕಾಲು ತೊಳೆದುಕೊಂಡು ಕಟ್ಟೆ ಮೇಲೆ ಕೂತು ಅವಳನ್ನ ಕರೆದು ಕೇಳಿದರು, “ನಿನ್ನ ಮನಸಿನ್ಯಾಗ ಯಾರರ ಅದಾರೇನವಾ? ಇದ್ರ ಈಗ ಹೇಳಿಬಿಡು. ನಾ ಸಿಟ್ಟಾಗೂದಿಲ್ಲ.”

ನಮ್ಮ ಕಡೆ ಹೀಗೆ ಕೇಳೋ ಅಪ್ಪಂದಿರು ಎಷ್ಟು ಮಂದಿ ಇದ್ದಾರೆ, ನೀವೇ ಹೇಳ್ರಿ. ಅವಳಿಗೆ ಆ ಬಾಗಿಲು ತೆರೆದಿತ್ತು.

ಅವಳು ಅಟ್ಟಕ್ಕೆ ಹೋಗಿ ಹುಡುಗನಿಗೆ ಫೋನ್ ಮಾಡಿದಳು. “ಅಪ್ಪ ಕೇಳಾಕತ್ತಾನ. ಏನ್ ಹೇಳ್ಲಿ?”

“ಈಗ್ಯಾಕ ಅಷ್ಟ್ ಗಡಿಬಿಡಿ? ನೋಡೋಣು ತಗೊ.”

ಕೆಳಗೆ ಬಂದು ಅಪ್ಪನಿಗೆ ಏನು ಹೇಳಬೇಕು? ಇದ್ದಾನೆ ಅನ್ನೋಕೆ ಅವನು ಇದ್ದೀನಿ ಅಂದಿಲ್ಲ. ಇಲ್ಲ ಅನ್ನೋಕೆ ಅವಳ ಮನಸ್ಸು ಒಪ್ಪಲ್ಲ. “ಯಾರೂ ಇಲ್ಲಪ್ಪಾ, ಆದ್ರ ನನಗ ಈಗ ಬ್ಯಾಡ” ಅಂದಳು. ಬಂದ ಸಂಬಂಧ ಹೋಯಿತು. ಅದು ಹೋಗಿದ್ದಕ್ಕೆ ಅವಳಿಗೆ ಬೇಜಾರಿಲ್ಲ. ಕೇಳಿದ ಅಪ್ಪನಿಗೆ ಸುಳ್ಳು ಹೇಳಿದೆನಲ್ಲ, ಅದು ಇವತ್ತಿಗೂ ಚುಚ್ಚುತ್ತೆ ಅಂತಾಳೆ.

4/9

ಯುಗಾದಿ ಹೊತ್ತಿಗೆ ಅವಳು ಧೈರ್ಯ ಮಾಡಿ ನೇರವಾಗಿ ಕೇಳಿದಳು. ಅವನು ಅಂದ, “ನಾ ಯಾವಾಗ ಹಂಗ ಅಂದಿದ್ದೆ?”

ಆ ರಾತ್ರಿ ಅವಳು ಎರಡು ವರ್ಷದ ಚಾಟ್ ಪೂರ್ತಿ ಹಿಂದಕ್ಕೆ ಎಳೆದಳು. ನಾನು ಪಕ್ಕದ ಕಾಟ್ ಮೇಲೆ ಕೂತಿದ್ದೆ. ಅವನು ಹೌದು ಅಂದಿರೋ ಒಂದೇ ಒಂದು ಸಾಲು ಹುಡುಕ್ತಿದ್ದಳು. ‘ಉಂಡ್ಯಾ’ ಅಂತ ಹುಡುಕಿದರೆ ಸಾಲುಸಾಲು ಬಂದವು. ಹಾರ್ಟ್ ಸ್ಟಿಕ್ಕರ್ ಲೆಕ್ಕವಿಲ್ಲ. ಒಂದು ವಾಕ್ಯ ಮಾತ್ರ ಸಿಗಲಿಲ್ಲ. ಬೆಳಗಿನ ಜಾವ ಫೋನ್ ಮಗುಚಿ ಇಟ್ಟು ಅಂದಳು, “ಅವ ಸುಳ್ಳ ಹೇಳಿಲ್ಲಲೇ. ಏನೂ ಹೇಳೇ ಇಲ್ಲ.”

ಕಾಮರ್ಸ್‌ನವರಿಗೆ ಇದು ಗೊತ್ತಿರೋ ವಿಷಯ. ಬಿಸಿನೆಸ್ ಲಾದಲ್ಲಿ 1872ರ ಭಾರತೀಯ ಕರಾರು ಕಾಯ್ದೆ ಓದ್ತೀವಲ್ಲ, ಅದರ ಸೆಕ್ಷನ್ 29 ನೆನಪು ಮಾಡಿಕೊಳ್ರಿ. ಅರ್ಥ ಖಚಿತ ಇಲ್ಲದ, ಖಚಿತ ಮಾಡಿಕೊಳ್ಳೋಕೂ ಬಾರದ ಒಪ್ಪಂದ ಅನೂರ್ಜಿತ. ಕಾಯ್ದೆಯಲ್ಲೇ ಉದಾಹರಣೆ ಇದೆ: ಒಬ್ಬ ಇನ್ನೊಬ್ಬನಿಗೆ ನೂರು ಟನ್ ಎಣ್ಣೆ ಮಾರ್ತೀನಿ ಅಂತಾನೆ. ಯಾವ ಎಣ್ಣೆ? ಶೇಂಗಾದ್ದೋ, ಕುಸುಬಿಯದ್ದೋ? ಹೇಳಿಲ್ಲ. ಹಾಗಾಗಿ ನೂರು ಟನ್ನೂ ಸೊನ್ನೆ. ನನ್ನ ಗೆಳತಿಯ ಎರಡು ವರ್ಷ ಆ ನೂರು ಟನ್ ಎಣ್ಣೆ.

ಇನ್ನೊಂದು, 1862ರ ಫೆಲ್ಟ್‌ಹೌಸ್ ವಿರುದ್ಧ ಬಿಂಡ್ಲೆ ಕೇಸು. ಒಬ್ಬ ಕಾಕಾ ತನ್ನ ಅಣ್ಣನ ಮಗನಿಗೆ ಕುದುರೆ ವಿಷಯ ಬರೀತಾನೆ: ನಿನ್ನಿಂದ ಮತ್ತೆ ಸುದ್ದಿ ಬರದಿದ್ದರೆ ಕುದುರೆ ನನ್ನದು ಅಂದುಕೊಳ್ತೀನಿ ಅಂತ. ಆ ಹುಡುಗನಿಗೆ ಕೊಡೋ ಮನಸ್ಸೂ ಇತ್ತು. ಆದರೆ ಕಾಕಾನಿಗೆ ಹೇಳಲಿಲ್ಲ. ಕೋರ್ಟ್ ಅಂದಿದ್ದೇನು? ಸುಮ್ಮನಿರೋದು ಒಪ್ಪಿಗೆ ಅಲ್ಲ. ನಮ್ಮಲ್ಲಿ ಹಿರಿಯರು ಮೌನಂ ಸಮ್ಮತಿ ಲಕ್ಷಣಂ ಅಂತಾರೆ. ಕಾನೂನು ಒಪ್ಪಲ್ಲ. ಮನಸ್ಸಿನೊಳಗೆ ಇದ್ದದ್ದು ಒಳಗೇ ಇದ್ದರೆ ಎದುರಿನವರ ಪಾಲಿಗೆ ಅದು ಇಲ್ಲ.

ಪ್ರೀತಿ ಏನು ವ್ಯಾಪಾರವಾ ಅಂತ ಕೇಳ್ತೀರಿ. ಅಲ್ಲ. ವ್ಯಾಪಾರದಲ್ಲಿ ಮೋಸ ಆದರೆ ಕೋರ್ಟಾದರೂ ಇದೆ. ‘ನೋಡೋಣು’ ಅಂದವನ ಮೇಲೆ ಯಾವ ಕೇಸು ಹಾಕ್ತೀರಿ? ಇಲ್ಲಿ ಇರೋದು ಬಾಯಿಮಾತು ಒಂದೇ. ಅದಕ್ಕೇ ಅದು ಇನ್ನೂ ಸರಿಯಾಗಿರಬೇಕು.

5/9

ಇಲ್ಲಿವರೆಗೂ ಓದಿ ಹುಡುಗಿಯರು ‘ಹೌದೌದು’ ಅಂತ ತಲೆ ಆಡಿಸ್ತಿರ್ತೀರಿ, ಹುಡುಗರು ಸಿಟ್ಟಾಗಿರ್ತೀರಿ. ತಡೀರಿ. ಈಗ ನನ್ನ ಸರದಿ.

ನಮ್ಮ ಕ್ಲಾಸಿನ ಒಬ್ಬ ಹುಡುಗ ನನಗೆ ಮೆಸೇಜ್ ಮಾಡಿದ್ದ. ಸುತ್ತಿಬಳಸಿ ಅಲ್ಲ, ನೇರವಾಗಿ. “ನನಗ ನೀ ಭಾಳ ಇಷ್ಟ. ನಿನ್ನ ಮನಸಿನ್ಯಾಗ ಏನೈತಿ ಹೇಳು. ಇಲ್ಲಂದ್ರೂ ನಡೀತೈತಿ.”

ಇದಕ್ಕಿಂತ ಮರ್ಯಾದೆಯಾಗಿ ಯಾರು ಕೇಳ್ತಾರೆ? ನನ್ನ ಉತ್ತರ ಇಲ್ಲ ಅನ್ನೋದು ಆ ಕ್ಷಣಕ್ಕೇ ನನಗೆ ಗೊತ್ತಿತ್ತು. ಆದರೂ ನಾನು ಬರೆದಿದ್ದು, “ಸೆಮಿಸ್ಟರ್ ಮುಗೀಲಿ ಮಾರಾಯ, ನೋಡೋಣು.” ಕೊನೆಗೆ ಒಂದು ನಗುವಿನ ಸ್ಟಿಕ್ಕರ್.

ಯಾಕೆ ಹಾಗೆ ಮಾಡಿದೆ? ಅವನ ಮನಸ್ಸು ನೋಯಿಸಬಾರದು ಅಂತ ಆಗ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸತ್ಯ. ಇನ್ನರ್ಧ ಏನಂದ್ರೆ, ಯಾರೋ ನನಗಾಗಿ ಕಾಯ್ತಿದ್ದಾರೆ ಅನ್ನೋದು ಹಿತವಾಗಿತ್ತು. ಟ್ಯಾಲಿ ಪ್ರಾಕ್ಟಿಕಲ್ ಫೈಲು ಅವನೇ ಕಳಿಸ್ತಿದ್ದ. ಬಸ್‌ನಲ್ಲಿ ಸೀಟು ಹಿಡೀತಿದ್ದ. ನಾನು ಸ್ಟೋರಿ ಹಾಕಿದರೆ ಮೊದಲು ನೋಡೋದು ಅವನೇ. ಆ್ಯಪ್‌ನಲ್ಲಿ ಮೂರನೇ ಹುಡುಗನನ್ನ ಸುಮ್ಮನೆ ಇಟ್ಟುಕೊಳ್ತೀವಲ್ಲ, ಹಾಗೆ ಇಟ್ಟುಕೊಂಡೆ.

ನಾಲ್ಕು ತಿಂಗಳು. ಗೆಳತಿಯ ಆ ರಾತ್ರಿ ನೋಡಿದ ಮೇಲೆ ನನಗೆ ನನ್ನ ಮೇಲೆ ಹೇಸಿಗೆ ಬಂತು. ಮರುದಿನ ಲೈಬ್ರರಿ ಮೆಟ್ಟಿಲ ಮೇಲೆ ಅವನಿಗೆ ಹೇಳಿದೆ, “ನನಗ ಆ ಥರಾ ಮನಸಿಲ್ಲ. ಅವತ್ತೂ ಇರಲಿಲ್ಲ. ತಪ್ಪಾತು.”

ಅವನು ಜಗಳ ಮಾಡಲಿಲ್ಲ. ಬ್ಯಾಗ್ ಜಿಪ್ ಹಾಕ್ತಾ ಅಂದ, “ಇದನ್ನ ಅವತ್ತ ಹೇಳಿದ್ರ ನಾಕು ತಿಂಗಳು ಉಳೀತಿದ್ವು.”

ಬೈದಿದ್ದರೆ ಚಲೋ ಇತ್ತು.

ಅಕೌಂಟ್ಸ್‌ನಲ್ಲಿ ಟ್ರಯಲ್ ಬ್ಯಾಲೆನ್ಸ್ ಕೂಡದಿದ್ದರೆ ವ್ಯತ್ಯಾಸವನ್ನ ಸಸ್ಪೆನ್ಸ್ ಅಕೌಂಟ್‌ಗೆ ಹಾಕ್ತೀವಿ. ತಾತ್ಕಾಲಿಕವಾಗಿ ಮಾತ್ರ. ತಪ್ಪು ಹುಡುಕಿ ಆ ಖಾತೆ ಮುಗಿಸಬೇಕು. ನಾನು ಒಬ್ಬ ಮನುಷ್ಯನನ್ನ ಸಸ್ಪೆನ್ಸ್ ಅಕೌಂಟ್‌ನಲ್ಲಿ ಇಟ್ಟಿದ್ದೆ. ತಪ್ಪು ಎಲ್ಲಿದೆ ಅಂತ ಹುಡುಕೋ ಕೆಲಸವೂ ಇರಲಿಲ್ಲ, ನನಗೆ ಮೊದಲೇ ಗೊತ್ತಿತ್ತು.

6/9

ಈ ಫೋಟೋ ಬಾಡದ್ದು. ಶಿಗ್ಗಾಂವಿ ತಾಲೂಕಿನ ಬಾಡ, ಕನಕದಾಸರು ಹುಟ್ಟಿದ ಊರು. ನಮ್ಮ ಗ್ಯಾಂಗ್‌ನ ಶಿಗ್ಗಾಂವಿ ಹುಡುಗಿ ಕರಕೊಂಡು ಹೋಗಿದ್ದಳು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದಾಗಿನಿಂದ ನಮಗೆ ಆಧಾರ್ ಕಾರ್ಡ್ ಇದ್ದರೆ ಟೂರ್ ಆದಂಗೇ. ಟಿಕೆಟ್ ದುಡ್ಡು ಕೊಟ್ಟ ಹುಡುಗರು ದಾರಿಪೂರ್ತಿ ಗೊಣಗಿದರು.

ಅಲ್ಲಿ ಕೂತು ನಳಚರಿತ್ರೆ ವಿಷಯ ಬಂತು. ನಳ ದಮಯಂತಿ ಕತೆ ಮಹಾಭಾರತದ ವನಪರ್ವದಲ್ಲಿದೆ. ಅದನ್ನ ಕನ್ನಡದಲ್ಲಿ, ಭಾಮಿನಿ ಷಟ್ಪದಿಯಲ್ಲಿ ಬರೆದವರು ನಮ್ಮ ಕನಕದಾಸರು. ಹೈಸ್ಕೂಲಿನಲ್ಲಿ ಹಂಸದ ಭಾಗ ಮಾತ್ರ ನೆನಪಿಟ್ಟುಕೊಂಡು ಉಳಿದದ್ದು ಮರೆತಿರ್ತೀವಿ. ಈಗಿನ ಕಣ್ಣಲ್ಲಿ ಮೂಲ ಕತೆಯನ್ನ ಒಮ್ಮೆ ನೋಡ್ರಿ.

ಸ್ವಯಂವರದಲ್ಲಿ ದಮಯಂತಿ ಎದುರಿಗೆ ಐದು ಮಂದಿ ನಳ. ನಾಲ್ಕು ಮಂದಿ ವೇಷ ಹಾಕಿದ ದೇವತೆಗಳು: ಇಂದ್ರ, ಅಗ್ನಿ, ಯಮ, ವರುಣ. ಐದು ಬಟನ್, ಎಲ್ಲದರ ಮೇಲೂ ಒಂದೇ ಮುಖ. ಅವಳು ಹೇಗೆ ಗುರುತು ಹಿಡಿದಳು? ದೇವತೆಗಳು ಬೆವರಲ್ಲ, ಕಣ್ಣು ಮಿಟುಕಿಸಲ್ಲ, ಕಾಲು ನೆಲಕ್ಕೆ ತಾಗಲ್ಲ, ಹೂವು ಬಾಡಲ್ಲ. ಬೆವರಿದವನ ಕೊರಳಿಗೆ ಹಾರ ಹಾಕಿದಳು. ಅದಕ್ಕೂ ಮೊದಲೇ ಅವನಿಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ್ದಳು, ನಾನು ವರಿಸೋದು ನಿನ್ನನ್ನೇ ಅಂತ. ಅವಳ ಕಡೆಯಿಂದ ಗೊಂದಲವೇ ಇಲ್ಲ.

ಆಮೇಲೆ ನಳ ಪಗಡೆಯಲ್ಲಿ ಎಲ್ಲ ಸೋತು ಕಾಡಿಗೆ ಬಂದ. ಅಲ್ಲಿ ಏನು ಮಾಡ್ತಾನೆ? ಇದು ಅವಳ ತವರಿಗೆ ಹೋಗೋ ದಾರಿ, ಇದು ಬೇರೆ ದೇಶಕ್ಕೆ ಹೋಗೋ ದಾರಿ ಅಂತ ಪದೇಪದೇ ತೋರಿಸ್ತಾನೆ. ‘ಹೋಗು’ ಅಂತ ಬಾಯಿಬಿಟ್ಟು ಹೇಳಲ್ಲ. ಅವಳು ಅತ್ತು ಕೇಳ್ತಾಳೆ, ನನಗೆ ಯಾಕೆ ದಾರಿ ತೋರಿಸ್ತಿದ್ದೀಯ ಅಂತ. ನಿನ್ನನ್ನ ಬಿಡಲ್ಲ ಅಂತಾನೆ. ಆ ರಾತ್ರಿಯೇ ಮಲಗಿದವಳ ಸೀರೆಯ ಅರ್ಧ ಹರಿದುಕೊಂಡು ಹೊರಟುಹೋಗ್ತಾನೆ.

ಅವನ ಮನಸ್ಸು ಕೆಟ್ಟದ್ದಲ್ಲ. ಅವಳಾದರೂ ತವರಿಗೆ ಹೋಗಿ ಸುಖವಾಗಿರಲಿ ಅಂತಲೇ ಬಿಟ್ಟ. ಆದರೆ ಅವಳನ್ನ ಕೇಳಲಿಲ್ಲ. ಅವಳು ಕಾಡಲ್ಲಿ ಹಾವಿನ ಬಾಯಿಗೆ ಸಿಕ್ಕು, ದಾರಿ ತಪ್ಪಿ, ಯಾರದೋ ಮನೆಯಲ್ಲಿ ಕೆಲಸಕ್ಕೆ ನಿಂತಳು. ನಿಮ್ಮ ‘ಅವಳ ಒಳ್ಳೇದಕ್ಕೇ ರಿಪ್ಲೈ ಮಾಡಲಿಲ್ಲ’ ಅನ್ನೋದಕ್ಕೂ ಇದಕ್ಕೂ ಎಷ್ಟು ದೂರ?

7/9

‘ಹಾಗಾದ್ರೆ ಹಳೇ ಕಾಲಾನೇ ಚಲೋ ಇತ್ತು’ ಅಂತ ಕಮೆಂಟ್ ಹಾಕೋಕೆ ಬೆರಳು ಎತ್ತಿದವರಿಗೆ ಈ ಪೋಸ್ಟ್.

ಫೋಟೋದಲ್ಲಿರೋದು ಸವಣೂರಿನ ವೀಳ್ಯದೆಲೆ. ನಮ್ಮ ಸವಣೂರು ಗೆಳತಿ ಮನೆಯಲ್ಲಿ ತೆಗೆದದ್ದು. ಅವಳ ಊರಿನ ಖಾರ ಎಷ್ಟು ಫೇಮಸ್ಸೋ ಎಲೆಯೂ ಅಷ್ಟೇ. ಅವತ್ತು ಅವಳ ಸೋದರಮಾವನ ಮಗಳ ನಿಶ್ಚಯ. ಎರಡು ಮನೆಯ ಹಿರಿಯರು ಎಲೆ ಅಡಿಕೆ ಬದಲಿಸಿಕೊಂಡರು. ಮುಗೀತು. ಎಲೆ ಅಡಿಕೆ ಆದಮೇಲೆ ಯಾರೂ ‘ನೋಡೋಣು’ ಅನ್ನಂಗಿಲ್ಲ. ಮಾತು ಅಂದ್ರೆ ಮಾತು.

ನನಗೆ ಅದು ಇಷ್ಟ ಆಯಿತು. ಒಂದು ಎಲೆ, ಒಂದು ಅಡಿಕೆ, ಎಲ್ಲರ ಎದುರಿಗೆ. ಒಳಗೊಂದು ಹೊರಗೊಂದು ಇಲ್ಲ.

ಆದರೆ ನಾನು ಆ ಹುಡುಗಿ ಪಕ್ಕ ಕೂತಿದ್ದೆ. “ನಿನಗ ಒಪ್ಪಿಗಿ ಐತೇನು?” ಅಂತ ಮೆಲ್ಲಗೆ ಕೇಳಿದೆ. ಅವಳು ನಕ್ಕು ಅಂದಳು, “ಇಷ್ಟ್ ದಿನದಾಗ ನೀನ ಮೊದಲು ಕೇಳಿದಾಕಿ.” ಹುಡುಗ ಅವಳಿಗೆ ಇಷ್ಟಾನೇ ಇದ್ದ, ಅದು ಅದೃಷ್ಟ. ಇಲ್ಲದಿದ್ದರೆ? ಜಾತಕ ಕೇಳಿದ್ದರು, ಹೊಲ ಎಷ್ಟು ಅಂತ ಕೇಳಿದ್ದರು, ಬಂಗಾರ ಎಷ್ಟು ಅಂತ ಕೇಳಿದ್ದರು. ಅವಳನ್ನ ಕೇಳಿರಲಿಲ್ಲ.

ಅಂದ್ರೆ ಹಿರಿಯರ ಕಾಲದಲ್ಲಿ ಮಾತು ಖಚಿತ ಇತ್ತು, ಆದರೆ ಅದು ಬೇರೆಯವರ ಮಾತು. ನಮ್ಮ ಕಾಲದಲ್ಲಿ ಆಯ್ಕೆ ನಮ್ಮದು, ಆದರೆ ಮಾತು ಖಚಿತ ಇಲ್ಲ. ನಮ್ಮ ಅವ್ವಂದಿರಿಗೆ ಸಿಗದೇ ಇದ್ದದ್ದು ನಮಗೆ ಸ್ವಲ್ಪ ಸಿಕ್ಕಿದೆ: ನಾವೇ ಹೌದು, ಇಲ್ಲ ಅನ್ನೋ ಅವಕಾಶ. ಅದು ಕೈಗೆ ಬಂದಾಗ ನಾವು ‘ನೋಡೋಣು’ ಅಂತ ಕೂತರೆ, ಅಷ್ಟು ಕಷ್ಟಪಟ್ಟು ಸಿಕ್ಕಿದ್ದನ್ನ ಬಳಸದೇ ಇಟ್ಟಂಗಲ್ಲವಾ?

8/9

ಇನ್ನು ತಕರಾರುಗಳು. ಇದರ ಡ್ರಾಫ್ಟ್ ಕ್ಲಾಸ್‌ಮೇಟ್ಸ್‌ಗೆ ತೋರಿಸಿದಾಗ ಬಂದವು. ಮೂರು ನಿಜಕ್ಕೂ ಗಟ್ಟಿ ಇದ್ದಾವೆ.

ಒಂದು: “ಇಲ್ಲಿ ಬಸ್‌ಸ್ಟ್ಯಾಂಡ್‌ನಾಗ ಮಾತಾಡಿದ್ರ ಸಂಜಿಗೆ ಮನಿಗೆ ಸುದ್ದಿ ಹೋಗಿರ್ತೈತಿ. ಹೆಂಗ ಕಮಿಟ್ ಆಗೂದು?” ಸರಿ. ಜಾತಿ ಬೇರೆ ಆದರೆ, ಧರ್ಮ ಬೇರೆ ಆದರೆ ಅಪಾಯ ಏನು ಅಂತ ನಮಗೆಲ್ಲ ಗೊತ್ತು. ಅದಕ್ಕೇ ಮೊದಲ ಪೋಸ್ಟ್‌ನಲ್ಲೇ ಹೇಳಿದೆ, ಊರಿಗೆ ಹೇಳೋದು ನಿಮ್ಮಿಷ್ಟ. ಗುಟ್ಟು ಬೇರೆ, ಗೊಂದಲ ಬೇರೆ. ಗುಟ್ಟು ಅಂದ್ರೆ ಇಬ್ಬರಿಗೆ ಗೊತ್ತು, ಊರಿಗೆ ಗೊತ್ತಿಲ್ಲ. ಗೊಂದಲ ಅಂದ್ರೆ ಊರಿಗೆಲ್ಲ ಗೊತ್ತು, ಆ ಇಬ್ಬರಲ್ಲಿ ಒಬ್ಬರಿಗೇ ಗೊತ್ತಿಲ್ಲ.

ಎರಡು: “ನನಗ ಇನ್ನೂ 20. ಕೆಲಸ ಇಲ್ಲ, ಬೊಗಸಿ ಇಲ್ಲ. ಏನಂತ ಮಾತು ಕೊಡ್ಲಿ?” ಇದೂ ನಿಜ. ಕಾನೂನೇ ಹುಡುಗರಿಗೆ 21 ಆಗೋವರೆಗೆ ಮದುವೆ ಬೇಡ ಅನ್ನುತ್ತೆ. ಆದರೆ ಕಮಿಟ್‌ಮೆಂಟ್ ಅಂದ್ರೆ ಮಂಟಪ ಅಂತ ಯಾರು ಹೇಳಿದರು? ‘ನನಗೆ ನೀನು ಇಷ್ಟ. ಆದರೆ ಇನ್ನು ಮೂರು ವರ್ಷ ಮನೆಯಲ್ಲಿ ಮಾತಾಡೋಕೆ ನನ್ನಿಂದ ಆಗಲ್ಲ. ಅಷ್ಟು ಕಾಯೋಕೆ ನಿನಗೆ ಆಗದಿದ್ದರೆ ನನಗೆ ಸಿಟ್ಟಿಲ್ಲ’ ಅನ್ನೋದೂ ಗಟ್ಟಿ ಮಾತೇ. ಅದನ್ನ ಕೇಳಿದ ಹುಡುಗಿ ಅಪ್ಪನ ಎದುರಿಗೆ ಕೂತಾಗ ಏನು ಹೇಳಬೇಕು ಅಂತ ತಾನೇ ನಿರ್ಧಾರ ಮಾಡಬಹುದು. ನನ್ನ ಗೆಳತಿಗೆ ಬೇಕಿದ್ದದ್ದು ತಾಳಿ ಅಲ್ಲ, ಈ ಮೂರು ವಾಕ್ಯ.

ಮತ್ತೆ ಕಾಯೋದು ಇಬ್ಬರಿಗೂ ಒಂದೇ ಥರ ಇರಲ್ಲ. ಡಿಗ್ರಿ ಮುಗಿದ ಮೇಲೆ ಹುಡುಗನಿಗೆ ‘ಏನು ಕೆಲಸ?’ ಅಂತಾರೆ, ಹುಡುಗಿಗೆ ‘ಯಾವಾಗ ಊಟ ಹಾಕಸ್ತೀ?’ ಅಂತಾರೆ. ನಿಮ್ಮ ಆರು ತಿಂಗಳು ಅವಳ ಪಾಲಿಗೆ ಆರು ತಿಂಗಳಲ್ಲ.

ಮೂರು, ಇದು ಹುಡುಗಿಯರದ್ದು: “ಇಲ್ಲ ಅಂದ್ರ ಅವ ಸುಮ್ಮನ ಬಿಡ್ತಾನೇನು?” ಇದಕ್ಕೆ ನನ್ನ ಹತ್ತಿರ ಎದುರುತ್ತರ ಇಲ್ಲ. ಹೆದರಿಕೆಯಿಂದ ‘ನೋಡೋಣು’ ಅಂದವಳನ್ನ ನಾನು ತಪ್ಪು ಅನ್ನಲ್ಲ. ಅಲ್ಲಿ ತಪ್ಪು ಹೆದರಿಸಿದವನದ್ದು. ಫೋಟೋ, ಸ್ಕ್ರೀನ್‌ಶಾಟ್ ಇಟ್ಟುಕೊಂಡು ಯಾರಾದರೂ ಆಡಿಸ್ತಿದ್ದರೆ ಒಬ್ಬಳೇ ಸಹಿಸಬೇಡ. ಅಕ್ಕನೋ, ಅವ್ವನೋ, ನಂಬಿಕೆಯ ಮೇಡಮ್ಮೋ, ಯಾರಿಗಾದರೂ ಹೇಳು. 112ಕ್ಕೆ ಫೋನ್ ಮಾಡು. ಹುಡುಗರಿಗೆ ಒಂದು ಮಾತು: ಹುಡುಗಿ ನೇರವಾಗಿ ಮಾತಾಡಬೇಕು ಅಂತ ನಿಮಗೆ ಅನ್ನಿಸಿದರೆ, ಮೊದಲು ಅವಳ ‘ಇಲ್ಲ’ವನ್ನ ಒಂದೇ ಸಲಕ್ಕೆ ಕೇಳಿಸಿಕೊಳ್ಳೋದನ್ನ ಕಲೀರಿ. ಬೆನ್ನು ಹತ್ತಿದರೆ ಒಲೀತಾಳೆ ಅನ್ನೋದು ಸಿನಿಮಾದ್ದು.

9/9

ಕೊನೆಯ ಪೋಸ್ಟ್. ಆಟ ಕಲಿಸಿದ ಒಳ್ಳೇದು ಹೇಳ್ತೀನಿ ಅಂದಿದ್ದೆ.

ನಮ್ಮ ಮನೆಗಳಲ್ಲಿ ಇಂಥ ಮಾತಿಗೆ ವಾಕ್ಯವೇ ಇಲ್ಲ. ‘ನನಗೆ ನೀನು ಇಷ್ಟ’ ಅಂತ ಅಪ್ಪ ಅವ್ವನಿಗೆ ಹೇಳಿದ್ದನ್ನ ನಾನು ಕೇಳಿಲ್ಲ, ನೀವೂ ಕೇಳಿರಲ್ಲ. ಹಾಗಾಗಿ ಆ ಮಾತು ಬಂದಾಗ ನಾವು ಸ್ಟಿಕ್ಕರ್ ಹಾಕ್ತೀವಿ. ಆಟದಲ್ಲಿ ಮೊದಲ ಸಲ ನಾನು ನೋಡಿದೆ, ಪರದೆ ಮೇಲೆ ಒಂದು ಹುಡುಗಿಗೆ ‘ನನಗೆ ಇದು ಈಗ ಬೇಡ’ ಅನ್ನೋ ಬಟನ್ ಇತ್ತು. ಅದನ್ನ ಒತ್ತಿದೆ. ಆ ಹುಡುಗ ಸರಿ ಅಂದ, ಕತೆ ಮುಂದೆ ಹೋಯಿತು. ಆಕಾಶ ಬೀಳಲಿಲ್ಲ. ಲೈಬ್ರರಿ ಮೆಟ್ಟಿಲ ಮೇಲೆ ನನಗೆ ಬಾಯಿ ಬಂದದ್ದಕ್ಕೆ ಸ್ವಲ್ಪ ಕಾರಣ ಅದೂ ಇರಬಹುದು.

ಹಾಗಾಗಿ ನಿಮಗೂ ಮೂರು ಬಟನ್ ಕೊಡ್ತೀನಿ. ಡೈಮಂಡ್ ಬೇಡ, ಫ್ರೀ.

ಮೊದಲನೇದು: “ಹೌದು, ನನಗೂ ಇಷ್ಟ. ನನ್ನಿಂದ ಆಗೋದು ಇಷ್ಟು, ಆಗದೇ ಇರೋದು ಇಷ್ಟು.”

ಎರಡನೇದು: “ಇಲ್ಲ, ನನಗೆ ಆ ಮನಸ್ಸಿಲ್ಲ.” ಇದಕ್ಕೆ ಕಾರಣ ಕೊಡಲೇಬೇಕು ಅಂತಿಲ್ಲ. ನಗುವಿನ ಸ್ಟಿಕ್ಕರ್ ಮಾತ್ರ ಬೇಡ.

ಮೂರನೇದು: “ನನಗೆ ಇನ್ನೂ ಗೊತ್ತಾಗ್ತಿಲ್ಲ. ಈ ತಿಂಗಳ ಕೊನೆಗೆ ಹೇಳ್ತೀನಿ. ಅಲ್ಲಿವರೆಗೆ ನೀನು ನನಗಾಗಿ ಏನನ್ನೂ ಬಿಡಬೇಡ.” ಹೌದು, ಗೊತ್ತಿಲ್ಲ ಅನ್ನೋದು ತಪ್ಪಲ್ಲ. ನಿಜಕ್ಕೂ ಗೊತ್ತಿರಲ್ಲ ಎಷ್ಟೋ ಸಲ, ನಮ್ಮ ವಯಸ್ಸೇ ಅಂಥದ್ದು. ತಾರೀಖು ಇಲ್ಲದೇ ಇರೋದು ತಪ್ಪು. ಬಾಕಿಗೂ ಒಂದು ಗಡುವು ಇರುತ್ತೆ.

ಕೇಳೋ ಕಡೆ ಇರೋರಿಗೂ ಒಂದು ಮಾತು. ದಮಯಂತಿ ಕಾಡಿಂದ ಹೊರಬಂದ ಮೇಲೆ ಅಳ್ತಾ ಕೂರಲಿಲ್ಲ. ಊರೂರಿಗೆ ಜನರನ್ನ ಕಳಿಸಿದಳು, ಒಂದೇ ಪ್ರಶ್ನೆ ಎಲ್ಲ ಕಡೆ ಕೇಳಿಸಿದಳು: ಅರ್ಧ ಸೀರೆ ಹರಿದುಕೊಂಡು ಮಲಗಿದವಳನ್ನ ಬಿಟ್ಟುಹೋದವನೇ, ಎಲ್ಲಿದ್ದೀಯ? ಉತ್ತರ ಬರೋವರೆಗೆ ಬಿಡಲಿಲ್ಲ. ಕೇಳೋದು ಗೋಗರೆಯೋದಲ್ಲ. ಒಮ್ಮೆ ನೇರವಾಗಿ ಕೇಳ್ರಿ. ಮತ್ತೆ ‘ನೋಡೋಣು’ ಬಂದರೆ ಅದನ್ನ ಇಲ್ಲ ಅಂತ ಬರೆದುಕೊಂಡು ಮುಂದಿನ ಪುಟ ತಿರುವಿಬಿಡ್ರಿ.

ನನ್ನ ಗೆಳತಿ ಹೋದ ತಿಂಗಳು ಊರಿಗೆ ಹೋಗಿದ್ದಳು. ಅಪ್ಪನಿಗೆ ಎಲ್ಲ ಹೇಳಿದಳಂತೆ, ದೀಪಾವಳಿಯ ಸುಳ್ಳೂ ಸೇರಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಪರೀಕ್ಷಾ ಯಾವಾಗ ಐತಿ?” ಅಂತ ಕೇಳಿದರಂತೆ. ಅವಳು ಬಂದು ಹೇಳ್ತಾ ಅತ್ತಳು, ಆಮೇಲೆ ನಕ್ಕಳು. ಈಗ ಕಾಸ್ಟ್ ಅಕೌಂಟಿಂಗ್ ಓದ್ತಿದ್ದಾಳೆ, ನನ್ನ ನೋಟ್ಸ್ ಇಟ್ಟುಕೊಂಡು ಕೊಡ್ತಿಲ್ಲ.

ಇವತ್ತು ರಾತ್ರಿ ನಿಮ್ಮ ಚಾಟ್ ಒಮ್ಮೆ ತೆಗೀರಿ. ನೀವು ‘ನೋಡೋಣು’ ಅಂದು ಬಿಟ್ಟ ಒಬ್ಬರು ಅಲ್ಲಿ ಕೆಳಗೆಲ್ಲೋ ಇದ್ದಾರೆ. ಉತ್ತರ ನಿಮಗೆ ಗೊತ್ತಿದ್ದರೆ ಕಳಿಸಿಬಿಡ್ರಿ. ಈ ಪೋಸ್ಟ್‌ಗೆ ಲೈಕ್ ಆಮೇಲೆ ಕೊಟ್ಟರೂ ನಡೀತೈತಿ.

#ನೋಡೋಣು #ಹಾನಗಲ್ #ಶಿಗ್ಗಾಂವಿ #ಸವಣೂರು #ಹಿರೇಕೆರೂರು #ಬಿಕಾಂಹುಡುಗಿ